ಮದುಮಗನ ಮರಣ ವಾರ್ತೆ

ಮೂವತ್ತೊಂದು ವರ್ಷ ಮೈಸೂರಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದಿ, ನಿವೃತ್ತಿಯ ದಿನ ಒಂದು ಶಾಲು ಹೊದ್ದುಕೊಂಡು ಶ್ರೀರಂಗಪಟ್ಟಣದ ಮನೆಗೆ ಬಂದವನಿಗೆ ತಿದ್ದಲು ಏನೂ ಉಳಿದಿರಲಿಲ್ಲ. ಮನೆಯವರು ತಿದ್ದಿಸಿಕೊಳ್ಳುವ ಪೈಕಿ ಅಲ್ಲ. ಆಗ ಬೆಂಗಳೂರಿನ ಒಂದು ಸಣ್ಣ ಜಾಲತಾಣದವರು ಹೇಳಿ ಕಳಿಸಿದರು. ಜನರ ಮೊಬೈಲುಗಳಲ್ಲಿ ಓಡಾಡುವ ಸುದ್ದಿ ನಿಜವೋ ಸುಳ್ಳೋ ನೋಡಿ ಬರೆದುಕೊಡಲು ನಮ್ಮ ಸೀಮೆಯಲ್ಲಿ ಒಬ್ಬರು ಬೇಕಂತೆ. ನೌಕರಿಯಲ್ಲ, ಕೆಲಸ ಬಂದಾಗ ಕೆಲಸ, ಬಾರದಾಗ ಕಾವೇರಿ ದಂಡೆ. ಒಪ್ಪಿಕೊಂಡೆ.

ಹೀಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಸತ್ಯಕ್ಕೆ ನಾನು ಜವಾಬ್ದಾರನಾದೆ. ಈ ಪದವಿಯನ್ನು ಯಾರೂ ಕೊಟ್ಟದ್ದಲ್ಲ, ನಾನೇ ವಹಿಸಿಕೊಂಡದ್ದು. ಪಾಂಡವಪುರದ ಕಬ್ಬಿನ ಗದ್ದೆಯಲ್ಲಿ ಮಲಗಿದ್ದ ಚಿರತೆಯನ್ನು ಅದು ನಿಜವಾಗಿ ಮಲಗಿದ್ದ ಬೇರೆ ರಾಜ್ಯಕ್ಕೆ ವಾಪಸು ಕಳಿಸಿದ್ದೇನೆ. ಕಾಲುಚೀಲದಲ್ಲಿ ಈರುಳ್ಳಿ ಇಟ್ಟುಕೊಂಡು ಮಲಗಿದರೆ ಜ್ವರ ಇಳಿಯುವುದಿಲ್ಲ, ಕಾಲುಚೀಲ ನಾರುತ್ತದೆ ಅಷ್ಟೆ ಎಂಬುದನ್ನು ಸ್ವಂತ ಕಾಲಿನಿಂದ ಸಾಬೀತುಪಡಿಸಿದ್ದೇನೆ. ಇಷ್ಟೆಲ್ಲ ಆದರೂ ನಮ್ಮ ಬೀದಿಯ ಹಾಲಿನ ಡೈರಿಯಾತ ದಿನ ಬಿಟ್ಟು ದಿನ ಕೇಳುತ್ತಾನೆ: "ಅಲ್ಲ ಸಾ, ಸುಳ್ಳು ಅಂತ ಗೊತ್ತಾದ್ಮೇಲೂ ಅದುನ್ನ ಯಾಕ್ ಬರೀತೀರಿ?"

ಒಂದು ಬುಧವಾರ ಬೆಳಿಗ್ಗೆ ಹಾಲಿನ ಜೊತೆ ಆತ ಒಂದು ಸುದ್ದಿಯನ್ನೂ ಅಳೆದು ಹಾಕಿದ. ಕೆ.ಆರ್. ಪೇಟೆಯ ಯುವ ಅಕ್ಕಸಾಲಿಯೊಬ್ಬರು, ಮದುವೆಗೆ ಹದಿನಾರು ದಿನ ಇರುವಾಗ, ಅಂಗಿ ಜೇಬಿನಲ್ಲಿದ್ದ ಮೊಬೈಲು ಕುಲುಮೆಯ ಶಾಖಕ್ಕೆ ಸಿಡಿದು ಸ್ಥಳದಲ್ಲೇ ಅಸುನೀಗಿದ್ದಾರೆ; ಎದೆಯ ಜೇಬಿನಲ್ಲಿ ಯಾರೂ ಮೊಬೈಲು ಇಡಬಾರದು; ಇದನ್ನು ಹನ್ನೊಂದು ಜನಕ್ಕೆ ಕಳಿಸಬೇಕು. ಕೆಳಗೆ ಮೃತರ ಭಾವಚಿತ್ರ, ಸುತ್ತ ಚೆಂಡು ಹೂವಿನ ಹಾರದ ಚೌಕಟ್ಟು. ನಿಶ್ಚಿತಾರ್ಥದ ಫೋಟೋವನ್ನೇ ಕತ್ತರಿಸಿದ್ದರೆಂದು ಕಾಣುತ್ತದೆ. ಎಡ ಅಂಚಿನಲ್ಲಿ ಹಸಿರು ಬಳೆ ತೊಟ್ಟ ಒಂದು ಮುಂಗೈ ಹಾಗೇ ಉಳಿದುಹೋಗಿತ್ತು. ಡೈರಿಯಾತ ಆಗಲೇ ತನ್ನ ಮೊಬೈಲನ್ನು ಪ್ಯಾಂಟಿನ ಜೇಬಿಗೆ ವರ್ಗಾಯಿಸಿದ್ದ.

ಜಾಲತಾಣದ ಸಂಪಾದಕಿಗೂ ಅದು ತಲುಪಿತ್ತು. ನನ್ನ ಮಗಳ ವಯಸ್ಸಿನ ಹೆಂಗಸು, ಮಾತು ಕಡಿಮೆ. "ಮೊಬೈಲು ಸಿಡಿದದ್ದು ನಿಜವೇ, ಮನುಷ್ಯ ಸತ್ತದ್ದು ನಿಜವೇ, ಎರಡೂ ನೋಡಿ" ಎಂದು ಹೇಳಿ ಫೋನು ಇಟ್ಟರು.

ನನ್ನ ಪದ್ಧತಿ ಹಳೆಯದು. ಸುದ್ದಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯುವುದು, ಸಿಕ್ಕಿದವರನ್ನೆಲ್ಲ "ನಿಮಗೆ ಯಾರು ಕೊಟ್ಟರು?" ಎಂದು ಕೇಳುವುದು. ಹುಡುಗರು ಇದನ್ನು ಕೂತಲ್ಲೇ ಬೆರಳಿನಲ್ಲಿ ಮಾಡುತ್ತಾರಂತೆ. ನಾನು ಬಸ್ಸಿನಲ್ಲಿ ಮಾಡುತ್ತೇನೆ. ಡೈರಿಯಾತನಿಗೆ ಕೊಟ್ಟವನು ಕಿರಂಗೂರಿನ ಅವನ ಭಾವಮೈದ. ಆ ಭಾವಮೈದನಿಗೆ ಫೋನು ಮಾಡಿದೆ.

"ಅಣ್ಣಾ, ನಂಗ್ ಬಂದಾಗ 'ಓಗ್ಬುಟ್ರು' ಅಂತ ಮಾತ್ರ ಇತ್ತು" ಎಂದ. "ಯಂಗೋದ್ರು ಅಂತ ಇರ್ನಿಲ್ಲ. ಕಳ್ಸುದ್ರೆ ಎಲ್ಲಾ ಅದ್ನೇ ಕೇಳೋರು, ಯಂಗೋದ್ರು ಯಂಗೋದ್ರು ಅಂತ. ಅದ್ಕೇ ನಾನೇ..."

"ನೀನೇ ಮೊಬೈಲು ಸಿಡಿಸಿದೆ."

"ಸಿಡಿಸ್ನಿಲ್ಲ ಕಣಣ್ಣಾ. ಸತ್ತೋರ್ಗೆ ಒಂದ್ ಕಾರಣ ಅಂತ ಬ್ಯಾಡ್ವಾ? ಜನುಕ್ಕೂ ಒಸಿ ಬುದ್ಧಿ ಬಂದಂಗಾಯ್ತದೆ."

ಪರಿಷ್ಕರಣೆ ಮಾಡಿದವನ ತಪ್ಪೊಪ್ಪಿಗೆ ಇಷ್ಟು ಬೇಗ ಸಿಕ್ಕಿದ್ದು ನನ್ನ ವೃತ್ತಿಯಲ್ಲೇ ಮೊದಲು. ಮೊಬೈಲು ಹೀಗೆ ಇತ್ಯರ್ಥವಾಯಿತು. ಉಳಿದದ್ದು ಮನುಷ್ಯ. ಭಾವಮೈದನಿಗೆ ಸುದ್ದಿ ಬಂದದ್ದು ಪಾಂಡವಪುರದಿಂದ, ಮೃತರ ಸೋದರತ್ತೆಯ ಸ್ಟೇಟಸ್ಸಿನಿಂದ. ಗುರುವಾರ ಬೆಳಿಗ್ಗೆ ಏಳರ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಬ್ಬ ಖಳ ತಯಾರಾಗುತ್ತಿದ್ದ: ಅದೇ ಬೀದಿಯಲ್ಲಿ ಇನ್ನೊಂದು ಚಿನ್ನ ಬೆಳ್ಳಿ ಕೆಲಸದ ಅಂಗಡಿ ಇಟ್ಟವನು, ಮೀಸೆಯವನು, ಹೊಟ್ಟೆಕಿಚ್ಚಿನವನು. ಇಂಥವನೊಬ್ಬ ಇದ್ದಾನೆಂಬುದಕ್ಕೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಸುಳ್ಳು ಹಿಡಿಯಲು ಹೊರಟವನೂ ಬಸ್ಸಿನಲ್ಲಿ ಕೂತರೆ ಹೀಗೆಯೇ.

ಸೋದರತ್ತೆ ಅರವತ್ತೈದರ ಗಟ್ಟಿ ಹೆಂಗಸು. ಕಣ್ಣು ಊದಿತ್ತು, ಗಂಟಲು ಕಟ್ಟಿತ್ತು, ಆದರೆ ಮುಖದಲ್ಲಿ ದುಃಖದ ಬದಲು ಕೋಪ ಕೂತಿತ್ತು. ನಾನು ತಗ್ಗಿದ ದನಿಯಲ್ಲಿ ಸಂತಾಪದ ಮಾತು ಶುರುಮಾಡಿದೆ.

"ಅಯ್ಯೋ ಸುಮ್ಕಿರಿ ಸ್ವಾಮಿ, ಬದ್ಕವ್ನೆ!" ಎಂದರು. "ಗುಂಡ್ಕಲ್ ಇದ್ದಂಗವ್ನೆ! ಮಂಗಳವಾರ ವತ್ತಾರೆ ಅವ್ನ ತಲೆಗೆ ಕಾಗೆ ಮುಟ್ಬುಡ್ತಂತೆ. ಅದ್ಕೇ ನಂಗೆ ಸತ್ತೋದ ಅಂತ ಯೋಳವ್ರೆ."

ಅಷ್ಟು ಹೇಳಿದ್ದೇ ತಡ, ನನ್ನ ಖಳ ಮೀಸೆ ಸಮೇತ ಕರಗಿಹೋದ. ಈ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ, ಮರೆತಿತ್ತು. ಕಾಗೆ ಬಂದು ತಲೆಗೆ ತಾಕಿದರೆ ಆ ಮನುಷ್ಯನಿಗೆ ಕೇಡೆಂದು ನಮ್ಮ ಕಡೆ ನಂಬಿಕೆ. ಅದನ್ನು ಕಳೆಯಲು ಅವನು ಸತ್ತನೆಂದು ಹತ್ತಿರದ ನೆಂಟರೊಬ್ಬರಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಾರೆ. ಅವರು ನಿಜವೆಂದೇ ನಂಬಿ ಅಳಬೇಕು. ಆ ಅಳುವಿನಲ್ಲಿ ಕೇಡು ಕಳೆದುಹೋಗುತ್ತದೆ. ಸಂಜೆಯೊಳಗೆ ನಿಜ ತಿಳಿಸಬೇಕು. ನಾನು ಚಿಕ್ಕವನಿದ್ದಾಗ ಸುಳ್ಳು ಹೊತ್ತು ಒಬ್ಬ ಹೊರಟರೆ, ಅವನು ಊರ ಬಾಗಿಲು ದಾಟುವ ಮೊದಲೇ ನಿಜ ಹೊತ್ತು ಇನ್ನೊಬ್ಬ ಹಿಂದೆ ಹೊರಡುತ್ತಿದ್ದ. ನಮ್ಮ ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಬರಲು ನಾಲ್ಕು ದಿನ ಹಿಡಿಯುತ್ತಿತ್ತು, ಅದೂ ಕೊನೆಯ ಪುಟದ ಮೂಲೆಯಲ್ಲಿ. ಹಿರಿಯರ ವ್ಯವಸ್ಥೆ ಎಷ್ಟೋ ವಾಸಿ.

"ನೀವು ಸ್ಟೇಟಸ್ಸಿಗೆ ಹಾಕಿದಿರಾ?" ಎಂದು ಕೇಳಿದೆ.

"ಆಕ್ದೆ ಇರಕ್ಕಾಯ್ತದಾ? ನಮ್ಮಣ್ಣನ ಮಗ! ಅಳದು ಅಂದ್ರೆ ಮೂಲೇಲಿ ಕೂತ್ಕಂಡು ಅಳದಾ? ಸೊಸೆ ಕೈಲಿ ಊವಿನ ಆರ ಆಕುಸ್ದೆ. ಅಯ್ದ್ ಗಂಟೆಗೆ ಅತ್ಗೆ ಪೋನ್ ಮಾಡಿ 'ಏನಿಲ್ಲ ಬುಡು, ಕಾಗೆ ಮುಟ್ಟಿತ್ತು' ಅಂತಾಳೆ. ತಕ್ಷಣ ತಗುಸ್ದೆ. ಅಷ್ಟೊತ್ಗೆ ಊರೆಲ್ಲಾ ಓಗಿತ್ತು." ಸೆರಗಿನಿಂದ ಮೂಗು ಒರೆಸಿಕೊಂಡು ಸ್ವಲ್ಪ ಹೆಮ್ಮೆಯಿಂದ ಸೇರಿಸಿದರು: "ಏನೇ ಅನ್ನಿ, ಅವ್ರಿಗೆ ಅಳಕ್ಕೆ ನಾನೇ ಆಗ್ಬೇಕಾಯ್ತು."

ಅಲ್ಲಿಂದ ಚಿನಕುರಳಿ ಮೇಲೆ ಕೆ.ಆರ್. ಪೇಟೆಗೆ ಹೋದೆ. ಅಂಗಡಿ ಸಣ್ಣದು, ಹಿಂದೆಯೇ ಮನೆ. ಮೃತರು ಬೆಸುಗೆಯ ದೀಪದ ಮುಂದೆ ಕೂತು ಊದುಗೊಳವೆ ಬಾಯಿಗಿಟ್ಟು ಒಂದು ಕಾಲುಂಗುರ ಬೆಸೆಯುತ್ತಿದ್ದರು. ಜೇಬಿನಲ್ಲಿ ಮೊಬೈಲು ಇತ್ತು. ಎರಡನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: ವ್ಯಕ್ತಿ ಜೀವಂತ, ಸಾಧನ ಸುಸ್ಥಿತಿಯಲ್ಲಿ. ಕೆಲಸ ಮುಗಿಯಿತು ಎಂದುಕೊಂಡು ಅವರ ತಾಯಿ ತಂದ ಕಾಫಿಯ ಲೋಟ ಎತ್ತಿದೆ.

"ಸಾ, ನೀವು ಪೇಪರ್‌ನವ್ರಲ್ವಾ" ಎಂದರು ಮೃತರು. "ಒಂದ್ ಮಾತು ಬರೀಬೇಕು. ನಂಗೆ ಗೊತ್ತಿರ್ಲಿಲ್ಲ ಅಂತ."

"ಏನು ಗೊತ್ತಿರಲಿಲ್ಲ?"

"ನಾನ್ ಸತ್ತೋಗಿದ್ದು."

ಬಿಡಿಸಿ ಕೇಳಿದಾಗ ವಿಷಯ ತಿಳಿಯಿತು. ಮದುವೆ ಗೊತ್ತಾದ ಹುಡುಗಿಯದು ನಾಗಮಂಗಲ ತಾಲ್ಲೂಕು. ತಂದೆ ಬಡಗಿ. ಆಕೆ ಬೆಳ್ಳೂರು ಕ್ರಾಸಿನಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ಪಾಂಡವಪುರದ ಸ್ಟೇಟಸ್ಸು ಯಾರದೋ ಮೊಬೈಲಿನಲ್ಲಿ ಹಾಯ್ದು ಮಂಗಳವಾರ ಮಧ್ಯಾಹ್ನವೇ ಆಕೆಯ ಕಣ್ಣಿಗೆ ಬಿದ್ದಿದೆ. ಸಂಜೆ ಈತ ಫೋನು ಮಾಡಿ, ಅಮ್ಮ ತನ್ನ ಪಾಡಿಗೆ ಮಾಡಿದ್ದು, ತನಗೇನೂ ಗೊತ್ತೇ ಇರಲಿಲ್ಲ ಎಂದಿದ್ದಾರೆ. ಆಕೆ ಒಂದೇ ಮಾತು ಹೇಳಿದ್ದಾಳೆ: ನಿಮಗೆ ಗೊತ್ತಿತ್ತೋ ಇಲ್ಲವೋ ಎಂಬುದು ನನಗೆ ಖಚಿತವಾಗಬೇಕು, ಆಮೇಲೆ ಮದುವೆ ಮಾತು. ಅಂದಿನಿಂದ ಫೋನು ಎತ್ತಿಲ್ಲ. ಆಕೆಯ ತಂದೆ, ಮಗಳು ಹೇಳಿದಂತೆ ಎಂದು ಕೈಚೆಲ್ಲಿದ್ದಾರೆ.

"ಮೂವತ್ನಾಕು ತುಂಬ್ತು ಸ್ವಾಮಿ ಇವ್ನಿಗೆ" ಎಂದರು ತಾಯಿ. "ಒಂಬತ್ ಕಡೆ ಎಣ್ ನೋಡಿ, ಒಂಬತ್ ಕಡೆನೂ ಉಪ್ಪಿಟ್ ತಿಂದು ಬಂದೋ. ಇದೊಂದು ಕೂಡ್ಬಂದಿತ್ತು. ನಾನ್ ಕಳ್ಸಿದ್ದು ನಾದ್ನಿಗೆ, ಆ ಮಗೀಗಲ್ಲ. ಆ ಎಣ್ಮಗ ಇನ್ನೂ ನೆಂಟಸ್ತನಕ್ಕೇ ಬಂದಿಲ್ಲ. ಅಲ್ಲಿಗಂಟ ಓಗ್ತದೆ ಅಂತ ಯಾರ್ ಕಂಡಿದ್ರು?"

ತಪ್ಪು ಅಲ್ಲಿಯೇ ಆದದ್ದು. ಅವರ ಕಾಲದಲ್ಲಿ ಸುದ್ದಿ ಕಳಿಸಿದ ಕಡೆಗೆ ಮಾತ್ರ ಹೋಗುತ್ತಿತ್ತು.

"ನಿಮಗೆ ನಿಜವಾಗಿ ಗೊತ್ತಿರಲಿಲ್ಲವೇ?" ಎಂದು ಮೃತರನ್ನು ಕೇಳಿದೆ.

ಅವರು ತಾಯಿಯನ್ನು ನೋಡಿದರು. ತಾಯಿ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು. ಹೆಂಗಸರಿಗೆ ಯಾವಾಗ ಎದ್ದು ಹೋಗಬೇಕೆಂದು ಗೊತ್ತಿರುತ್ತದೆ.

"ಗೊತ್ತಿತ್ತು ಸಾ. ಕಾಗೆ ಮುಟ್ತು ಅಂತ ಯೋಳ್ದೋನೇ ನಾನು. ಅತ್ತೆಗೆ ಕಳ್ಸು, ಚೆನ್ನಾಗ್ ಅಳ್ತಾಳೆ ಅಂದೋನೂ ನಾನೇ. ಅತ್ತೂವರೆಗೆ ಪೋನ್ ಆಫ್ ಮಾಡ್ದೆ. ಸತ್ತೋನು ಪೋನ್ ಎತ್ತುದ್ರೆ ಅತ್ತೆ ಅಳಲ್ವಲ್ಲ. ಅಯ್ದ್ ಗಂಟೆಗೆ ಆನ್ ಮಾಡುದ್ರೆ ಬೆಳ್ಳೂರ್ ಕ್ರಾಸ್‌ನವ್ರ ಕಾಲ್ ಮೂವತ್ತೆಂಟು ಬಂದಿತ್ತು. ಎದ್ರುಕೊಂಡು ಗೊತ್ತಿರ್ಲಿಲ್ಲ ಅಂದ್ಬುಟ್ಟೆ." ಊದುಗೊಳವೆಯನ್ನು ಕೆಳಗಿಟ್ಟರು. "ಅಚ್ಚಾಗಿ ಬಂದ್ರೆ ನಂಬ್ತಾರೆ ಸಾ. ಒಂದೇ ಒಂದ್ ಲೈನು."

ಆಸೆಯಾಗಲಿಲ್ಲ ಎಂದರೆ ಅದನ್ನೂ ಯಾರಾದರೂ ಪರಿಶೀಲಿಸಬೇಕಾದೀತು. ಒಂದು ಸಾಲಿನಿಂದ ಒಂದು ಮದುವೆ ಉಳಿಯುವುದಾದರೆ, ನನ್ನ ಮೂವತ್ತೊಂದು ವರ್ಷದ ಸಾಲುಗಳಲ್ಲಿ ಅಂಥದ್ದು ಒಂದೂ ಇಲ್ಲ. ಆದರೆ ಕರಡು ತಿದ್ದುವವನಿಗೆ ಸಾಲು ಸೇರಿಸುವ ಅಧಿಕಾರ ಎಂದೂ ಇರಲಿಲ್ಲ.

"ನನ್ನ ವರದಿ ಮೊಬೈಲು ಸಿಡಿದ ಬಗ್ಗೆ ಮಾತ್ರ" ಎಂದೆ. "ನಿಮ್ಮ ಮನಸ್ಸಿನ ವಿಷಯ ಅದರಲ್ಲಿ ಬರುವುದಿಲ್ಲ. ಗೊತ್ತಿತ್ತು ಅಂತಲೂ ಬರೆಯುವುದಿಲ್ಲ, ಗೊತ್ತಿರಲಿಲ್ಲ ಅಂತಲೂ ಬರೆಯುವುದಿಲ್ಲ."

"ಅಂಗಾರೆ ಬನ್ನಿ ಸಾ ಬೆಳ್ಳೂರ್ ಕ್ರಾಸ್‌ಗೆ. ನಾನ್ ಮಾತಾಡ್ತೀನಿ, ನೀವು ಜೊತೇಲಿರಿ. ದೊಡ್ಡೋರ್ ಇದ್ರೆ ಅಂಗಡಿ ಒಳೀಕ್ ಬುಟ್ಕತಾರೆ."

ಹೊರಟೆ. ಇದು ವೃತ್ತಿಯ ಭಾಗವೋ ಅಲ್ಲವೋ ಎಂದು ಸಂಪಾದಕಿಯನ್ನು ಕೇಳಲಿಲ್ಲ.

ನಾಗಮಂಗಲದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು ನನ್ನ ಪಕ್ಕದವರನ್ನು ನೋಡಿ ಕೈ ತಡೆದ. "ಏನ್ ಆಚಾರ್ರೇ, ತೀರ್ಕಂಡ್ರಿ ಅಂದ್ರಲ್ಲ?"

"ಇಲ್ಲ ಕಣಣ್ಣಾ. ಉಳ್ಕಂಡೆ."

"ಮೊಬೈಲು?"

"ಅದೂ ಉಳ್ಕಂಡದೆ."

"ಥೂ, ನಾನ್ ಹನ್ನೊಂದ್ ಜನುಕ್ ಕಳ್ಸಿವ್ನಲ್ಲೋ ಮಾರಾಯ" ಎಂದು ಕಂಡಕ್ಟರು ಬೇಸರದಿಂದ ಮುಂದಿನ ಸೀಟಿಗೆ ಹೋದ. ಬದುಕಿ ಉಳಿದವರು ತಪ್ಪಿತಸ್ಥರ ಹಾಗೆ ಕಿಟಕಿಯ ಕಡೆ ತಿರುಗಿದರು. ರಸ್ತೆಯ ಪಕ್ಕದಲ್ಲಿ ರಾಗಿ ಹೊಲಗಳು ಹಾಯುತ್ತಿದ್ದವು. ನಾಗಮಂಗಲದಲ್ಲಿ ಬಸ್ಸು ಬದಲಿಸುವಾಗ ಕೇಳಿದರು:

"ಸಾ, ಅವ್ರು ನಿಮ್ಮುನ್ನ ಕೇಳುದ್ರೆ ಏನಂತೀರಿ?"

"ಸುಳ್ಳು ಹೇಳುವುದಿಲ್ಲ."

"ಗೊತ್ತಿರ್ಲಿಲ್ಲ ಅಂತ ನಾನಂದ್ರೆ?"

"ಸುಮ್ಮನಿರುತ್ತೇನೆ. ನನ್ನ ಮುಖ ಏನು ಹೇಳುತ್ತದೋ ನನಗೆ ಗೊತ್ತಿಲ್ಲ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ ನಿಟ್ಟುಸಿರು ಬಿಟ್ಟರು.

ಬೆಳ್ಳೂರು ಕ್ರಾಸಿನಲ್ಲಿ ಮಧ್ಯಾಹ್ನದ ಹೊತ್ತು ಹೆದ್ದಾರಿಯ ಹೋಟೆಲುಗಳೆಲ್ಲ ತುಂಬಿರುತ್ತವೆ. ಅವುಗಳ ಸಾಲಿನ ಕೊನೆಗೆ ಜೆರಾಕ್ಸ್ ಅಂಗಡಿ. ಆದಿಚುಂಚನಗಿರಿಯ ಕಡೆ ಕಾಲೇಜಿಗೆ ಹೋಗುವ ಮಕ್ಕಳು ಕಾಗದ ಹಿಡಿದು ನಿಂತಿದ್ದರು. ಆಕೆ ಇಪ್ಪತ್ತೊಂಬತ್ತರ ಸುಮಾರಿನವರು, ಕನ್ನಡಕದವರು. ನಮ್ಮನ್ನು ನೋಡಿ ಯಂತ್ರ ನಿಲ್ಲಿಸಲಿಲ್ಲ. ಮಕ್ಕಳೆಲ್ಲ ಹೋದ ಮೇಲೆ ಶಟರನ್ನು ಅರ್ಧಕ್ಕೆ ಇಳಿಸಿ, ಇದ್ದ ಒಂದು ಸ್ಟೂಲನ್ನು ನನಗೆ ಕೊಟ್ಟು, ಅವರನ್ನು ನಿಲ್ಲಿಸಿಯೇ ಬಿಟ್ಟರು.

ನಾನು ಯಾರು, ಎಲ್ಲೆಲ್ಲಿ ಹೋಗಿ ಬಂದೆ ಎಂಬುದನ್ನು ಸಂಕ್ಷೇಪವಾಗಿ ನಿವೇದಿಸಿಕೊಂಡೆ. ಆಕೆ ಪೂರ್ತಿ ಕೇಳಿ, "ಹಂಗಾದ್ರೆ ನಿಮಗೆ ಗೊತ್ತಿರುತ್ತೆ ಸರ್. ಇವ್ರಿಗೆ ಮೊದಲೇ ಗೊತ್ತಿತ್ತಾ?" ಎಂದರು.

"ಅಮ್ಮಾ, ನಮ್ಮ ವೃತ್ತಿಯಲ್ಲಿ ಒಂದು ನಿಯಮ" ಎಂದೆ. "ಮೂಲವೇ ಎದುರಿಗಿರುವಾಗ ಬೇರೆಯವರನ್ನು ಕೇಳಬಾರದು."

ಆಕೆ ಮೂಲದ ಕಡೆ ತಿರುಗಿದರು. ಮೂಲದ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಹೆದ್ದಾರಿಯಲ್ಲಿ ಒಂದರ ಹಿಂದೆ ಒಂದು ನಾಲ್ಕು ಲಾರಿ ಹೋದವು.

"ಗೊತ್ತಿತ್ತು" ಎಂದರು ಅವರು. "ಕಳ್ಸು ಅಂದೋನೂ ನಾನೇ. ಪೋನ್ ಆಫ್ ಮಾಡಿದ್ದೂ ನಾನೇ. ನಿಮ್ಗೆ ಗೊತ್ತಾಯ್ತದೆ ಅಂತ ಯೋಚ್ನೆನೇ ಬರ್ಲಿಲ್ಲ. ಆಮೇಲೆ ಇಲ್ಲ ಅಂದಿದ್ದು ಭಯಕ್ಕೆ."

ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಮಂಗಳವಾರ ಹನ್ನೆರಡು ಗಂಟೆಗೆ ಪಕ್ಕದ ಬೇಕರಿ ಅಕ್ಕ ಬಂದು ಫೋಟೋ ತೋರಿಸಿದ್ರು. ಪಕ್ಕದಲ್ಲಿ ನನ್ನ ಕೈ ಇತ್ತು. ಯಾರದೋ ಆಧಾರ್ ಕಾರ್ಡು ಮಿಷಿನ್ನಲ್ಲೇ ಬಿಟ್ಟು ಶಟರ್ ಎಳೆದು ಬಸ್ ಹತ್ತಿದೆ. ಅಪ್ಪನಿಗೂ ಹೇಳಲಿಲ್ಲ. ನಾಗಮಂಗಲದಿಂದ ಪೇಟೆವರೆಗೂ ಕಾಲ್ ಮಾಡ್ತಾನೇ ಇದ್ದೆ, ಅಳ್ತಾನೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನಂಗೆ ನೀರು ಕುಡಿಸಿ, ತಾನೂ ಅತ್ತಳು."

"ನೀವು ಪೇಟೆಗೆ ಬಂದಿದ್ರಾ?" ಎಂದರು ಅವರು.

"ಮೂರೂಮುಕ್ಕಾಲಿಗೆ. ನಿಮ್ಮ ಅಂಗಡಿ ಎದುರಿಗೆ, ರಸ್ತೆ ಆಚೆ ನಿಂತಿದ್ದೆ. ನೀವು ಜಗಲಿ ಮೇಲೆ ಕೂತು ಬೇಯಿಸಿದ ಕಡ್ಲೇಕಾಯಿ ಬಿಡಿಸಿ ತಿಂತಾ ಇದ್ರಿ. ಸಿಪ್ಪೇನ ಒಂದು ಪೇಪರ್ ಮೇಲೆ ನೀಟಾಗಿ ಹಾಕ್ತಾ ಇದ್ರಿ. ನೋಡಿಕೊಂಡು ವಾಪಸ್ ಬಸ್ ಹತ್ತಿದೆ."

ನಾನು ಟಿಪ್ಪಣಿ ಪುಸ್ತಕವನ್ನು ಮೆಲ್ಲಗೆ ಮುಚ್ಚಿದೆ. ನಾಲ್ಕು ತಾಲ್ಲೂಕುಗಳ ಸತ್ಯಕ್ಕೆ ಜವಾಬ್ದಾರನಾದವನು ಗುರುವಾರ ಬಸ್ಸು ಹತ್ತಿ ಕಂಡುಹಿಡಿದದ್ದನ್ನು ಈಕೆ ಮಂಗಳವಾರವೇ ಸ್ವಂತ ಕಣ್ಣಿಂದ ನೋಡಿ ಮುಗಿಸಿದ್ದರು. ಎರಡು ದಿನದಿಂದ ಕಾಯುತ್ತಿದ್ದದ್ದು, ತಮಗೆ ಗೊತ್ತಿರುವುದನ್ನು ಈ ಮನುಷ್ಯ ಬಾಯಿಬಿಟ್ಟು ಹೇಳುತ್ತಾನೋ ಇಲ್ಲವೋ ಎಂಬುದಕ್ಕೆ ಮಾತ್ರ. ಆ ಒಂದು ಸಾಲು ನನ್ನ ವರದಿಯಲ್ಲಿ ಅಚ್ಚಾಗಿದ್ದರೆ ಈ ಮದುವೆ ಅಲ್ಲಿಗೇ ಮುಗಿಯುತ್ತಿತ್ತು.

"ಕಾಗೆ ಅಂತ ಒಂದು ಮಾತು ಹೇಳಿದ್ದಿದ್ರೆ ನಾನೂ ಅಳ್ತಿದ್ದೆ" ಎಂದರು ಆಕೆ. "ಸುಳ್ಳು ಸುಳ್ಳೇ ಅಳ್ತಿದ್ದೆ."

"ಸುಳ್ಳು ಅಳು ನಡ್ಯಲ್ಲ" ಎಂದು ಅವರು ಪದ್ಧತಿಯನ್ನು ವಿವರಿಸಲು ಹೋಗಿ, ಆಕೆಯ ಮುಖ ನೋಡಿ ನಿಲ್ಲಿಸಿದರು. ಆ ದಿನ ಅವರು ತೋರಿದ ವಿವೇಕದಲ್ಲಿ ಅದು ಎರಡನೆಯದು.

"ಎಷ್ಟು ಗ್ರೂಪಿಗೆ ಹೋಗಿದೆ?" ಎಂದು ಆಕೆ ಕೇಳಿದರು.

"ನಂಗೊತ್ತಿರೋದು ಹದಿನಾಲ್ಕು."

"ಹದಿನಾಲ್ಕಕ್ಕೂ ಬರೀರಿ. ಇಲ್ಲೇ. ಅತ್ತೆ ಮಾಡಿದ್ರು, ಅಮ್ಮ ಮಾಡಿದ್ರು ಅಂತ ಬೇಡ."

ಅವರು ಯಂತ್ರದ ಪಕ್ಕ ನಿಂತು ಬರೆದರು. ಬೆಸುಗೆಯಲ್ಲಿ ನುರಿತ ಬೆರಳು ಅಕ್ಷರಗಳ ಮೇಲೆ ತಡವರಿಸುತ್ತಿತ್ತು. ಮೊದಲ ಸಲ ಬರೆದದ್ದರಲ್ಲಿ ಕಾಗೆಯೇ ಮುಕ್ಕಾಲು ಪಾಲಿತ್ತು. ಆಕೆ ಓದಿ, ತಲೆಯಾಡಿಸಿ ಹಿಂದಕ್ಕೆ ಕೊಟ್ಟರು. ನನ್ನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಆಕೆ ಕಣ್ಣಲ್ಲೇ ಅದನ್ನು ಸ್ವಸ್ಥಾನಕ್ಕೆ ಕಳಿಸಿದರು. ಎರಡನೆಯ ಸಲ ಬಂದದ್ದು ಇಷ್ಟು: ನಾನು ಬದುಕಿದ್ದೇನೆ. ಮೊಬೈಲು ಸಿಡಿದಿಲ್ಲ. ಸತ್ತ ಸುದ್ದಿ ಕಳಿಸಿದ್ದು ನನಗೆ ಗೊತ್ತಿದ್ದೇ. ಅತ್ತವರೆಲ್ಲ ಕ್ಷಮಿಸಿ. ಮೂವತ್ತೊಂದು ವರ್ಷದಲ್ಲಿ ಇದಕ್ಕಿಂತ ಚೊಕ್ಕ ತಿದ್ದುಪಡಿ ನನ್ನ ಮೇಜಿಗೆ ಬಂದಿರಲಿಲ್ಲ. ಒಂದೊಂದೇ ಗ್ರೂಪಿಗೆ ಅದು ಹೋಗುವುದನ್ನು ಆಕೆ ಪಕ್ಕದಲ್ಲಿ ನಿಂತು ನೋಡಿದರು.

ಹದಿನಾಲ್ಕನೆಯದು ಮುಗಿಯುವ ಮೊದಲೇ ಫೋನು ಬಂತು. ಪಾಂಡವಪುರ.

"ಸ್ಪೀಕರ್ ಹಾಕಿ" ಎಂದರು ಆಕೆ.

"ಲೇ, ಬೇವರ್ಸಿ!" ಸೋದರತ್ತೆಯ ಕಟ್ಟಿದ ಗಂಟಲು ಅಷ್ಟರಲ್ಲಿ ಪೂರ್ತಿ ಬಿಟ್ಟುಕೊಂಡಿತ್ತು. "ನಿಂಗೂ ಗೊತ್ತಿತ್ತೇನ್ಲಾ? ನಾನು ಎದೆ ಬಡ್ಕೊಂಡು ಅಳ್ತಿದ್ರೆ ನೀನ್ ಅಲ್ಲಿ ಸುಮ್ಕೆ ಕೂತಿದ್ದೇನ್ಲಾ?"

"ಊಂ ಅತ್ತೆ."

"ಏನ್ ತಿಂತಿದ್ದೆ?"

ಅವರು ಆಕೆಯನ್ನು ನೋಡಿದರು. "ಕಡ್ಲೇಕಾಯಿ."

ಆ ಕಡೆಯಿಂದ ಬಂದದ್ದನ್ನು ಇಲ್ಲಿ ಬರೆಯಲಾರೆ. ಅದು ಮುಗಿದ ಮೇಲೆ ಅತ್ತೆಯ ದನಿ ಇಳಿಯಿತು. "ಅದಿರ್ಲಿ. ಆ ಎಣ್ಮಗ ಏನಂತು? ಬ್ಯಾಡ ಅಂತಾ?"

ಉತ್ತರ ಕೊಡುವುದು ಅವರ ಕೈಯಲ್ಲಿ ಇರಲಿಲ್ಲ. ಆಕೆ ಮೊಬೈಲಿನ ಹತ್ತಿರ ಬಾಗಿದರು.

"ನಾನೇ ಮಾತಾಡ್ತಿರೋದು, ಅತ್ತೆ. ಮುಹೂರ್ತಕ್ಕೆ ಒಂದಿನ ಮುಂಚೆನೇ ಬಂದ್ಬಿಡಿ."

ಪಾಂಡವಪುರದಲ್ಲಿ ಯಾರೋ ಮತ್ತೆ ಅಳಲು ಶುರುಮಾಡಿದ್ದು ನಮಗೆ ಚೆನ್ನಾಗಿ ಕೇಳಿಸಿತು. ಅವರು ಫೋನು ಹಿಡಿದುಕೊಂಡೇ, ಅಂಗಡಿಯಲ್ಲಿದ್ದ ಒಂದೇ ಖಾಲಿ ಜಾಗವಾದ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟರು. ಆಕೆ ಏಳಿ ಎನ್ನಲಿಲ್ಲ. ಹೋಗಿ ಶಟರನ್ನು ಮೇಲೆತ್ತಿ, ಹೊರಗೆ ಕಾಯುತ್ತಿದ್ದ ಇಬ್ಬರಿಗೆ, "ಎಷ್ಟು ಕಾಪಿ ಬೇಕು?" ಎಂದು ಕೇಳಿದರು.